ಅಬ್ಬೆಯ ಕಾಮಾಲೆಗೆ ನಾನು ಮದ್ದು ಅರೆದದ್ದು

ನಮ್ಮ ಕುಲದಲ್ಲಿ ಮೊದಲು ಬಿ.ಎಸ್ಸಿ. ಪಾಸಾದವನು ನಾನು. ಕುಲ ಯಾಕೆ, ವಂಡ್ಸೆಯಿಂದ ಆಚೆ ನಮ್ಮ ಇಡೀ ಬೈಲಿಗೇ ಮೊದಲಿಗ. ಬಾಯಿ ತೆರೆದ ಕೂಡಲೇ ಇದನ್ನು ಹೇಳಿದೆನೆಂದು ಓದುವವರು ನಗಬಾರದು; ಆ ದಿನಗಳಲ್ಲಿ ನಾನು ಇಷ್ಟು ಹೊತ್ತು ಕೂಡ ಕಾಯುತ್ತಿರಲಿಲ್ಲ. ಗಂಗೊಳ್ಳಿಯಿಂದ ಮೇಲೆ ಬರುವ ದೋಣಿಯಲ್ಲಿ ಪಕ್ಕದವರು "ಎಲ್ಲಿಗ್ ಹೋಪ್ದ್?" ಎಂದು ಕೇಳಿದರೆ "ನಾನು ಬಿ.ಎಸ್ಸಿ., ವಂಡ್ಸೆಗೆ" ಎನ್ನುತ್ತಿದ್ದೆ.

ಅಪ್ಪಯ್ಯ ಗೇಣಿಗೆ ಗದ್ದೆ ಮಾಡಿದವನು, ನನಗೆ ಅಕ್ಷರ ಬರುವ ಮೊದಲೇ ತೀರಿಕೊಂಡ. ಅಬ್ಬೆ, ಎಂದರೆ ನನ್ನ ತಾಯಿ, ಅವಲಕ್ಕಿ ಕುಟ್ಟಿ ನನ್ನನ್ನು ಕುಂದಾಪುರದ ಹೈಸ್ಕೂಲಿಗೆ ಹಾಕಿದಳು. ಅಲ್ಲಿಂದ ಮಂಗಳೂರು, ಮತ್ತೆ ಮದರಾಸು. ಮದರಾಸಿನಲ್ಲಿ ನಮ್ಮ ಕಡೆಯವರದೇ ಒಂದು ಹೋಟೆಲಿನಲ್ಲಿ ಬೆಳಿಗ್ಗೆ ದೋಸೆಗೆ ಅರೆದುಕೊಟ್ಟು, ಅಲ್ಲೇ ಉಂಡು, ಕಾಲೇಜಿಗೆ ಓಡುತ್ತಿದ್ದೆ. ಪ್ರಯೋಗಶಾಲೆಯಲ್ಲಿ ನನ್ನ ಮೈಯಿಂದ ಉದ್ದಿನಹಿಟ್ಟಿನ ವಾಸನೆ ಬರುತ್ತದೆಂದು ಜೊತೆಯವರು ಸ್ವಲ್ಪ ದೂರ ನಿಲ್ಲುತ್ತಿದ್ದರು. ಪದವಿ ಕೈಗೆ ಬರುವ ಹೊತ್ತಿಗೆ ರಸಾಯನಶಾಸ್ತ್ರ ಎಷ್ಟು ತಲೆಗೆ ಹತ್ತಿತ್ತೋ ಹೇಳಲಾರೆ. ಅರೆಯುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಊರಿಗೆ ಬಂದಾಗ ಯುದ್ಧ ನಡೆಯುತ್ತಿತ್ತು. ಅಕ್ಕಿಗೆ ರೇಷನ್, ಚಿಮಣಿ ಎಣ್ಣೆಗೆ ರೇಷನ್. ಕ್ವಿನೈನ್ ಅಂತೂ ರೇಷನ್ನಿಗೂ ಇಲ್ಲ, ಬರುವ ದಾರಿಯನ್ನೇ ಜಪಾನಿನವರು ಕಟ್ಟಿಹಾಕಿದ್ದಾರೆ ಎಂದು ಹೇಳುತ್ತಿದ್ದರು. ಬೈಂದೂರಿನ ಒಂದು ಶಾಲೆಗೆ ಸೈನ್ಸ್ ಮಾಸ್ತರರು ಬೇಕಾಗಿದ್ದಾರೆಂದು ತಿಳಿದು ಅರ್ಜಿ ಹಾಕಿದೆ. ಹಾಕಿ, ಜಗಲಿಯಲ್ಲಿ ಕುಳಿತು, ಕರೆಯ ದಾರಿ ನೋಡುತ್ತ ಅಬ್ಬೆಗೆ ತೊಂದರೆ ಕೊಡುತ್ತಿದ್ದೆ.

ಯಾಕೆಂದರೆ ಆ ಮನೆಯಲ್ಲಿ ನನ್ನ ಪದವಿಗಿಂತ ದೊಡ್ಡ ಹೆಸರು ಅವಳದ್ದು. ಅಬ್ಬೆ ಕಾಮಾಲೆಗೆ ಮದ್ದು ಕೊಡುತ್ತಿದ್ದಳು. ಕಣ್ಣು ಅರಶಿನವಾದವರು ಕೊಲ್ಲೂರಿನ ಘಟ್ಟದ ಬುಡದಿಂದ ಹಿಡಿದು ಹಂಗಾರಕಟ್ಟೆಯ ದೋಣಿ ಕಟ್ಟುವವರ ತನಕ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಮದ್ದು ಎಂದರೆ ಗದ್ದೆಯ ಅಂಚಿನಲ್ಲಿ ಬೆಳೆಯುವ ನೆಲನೆಲ್ಲಿ. ಎಲೆಯ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಯಿಗಳನ್ನು ಸಾಲಾಗಿ ಬಚ್ಚಿಟ್ಟುಕೊಂಡಿರುವ ಗಿಡ. ಅದನ್ನು ಬೇರು ಸಮೇತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕದಡಿ, ಬರಿಹೊಟ್ಟೆಯಲ್ಲಿ ಕುಡಿಸುವುದು. ಕಣ್ಣು ಬಿಳಿಯಾಗುವವರೆಗೆ ಉಪ್ಪಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ.

ಗಿಡಕ್ಕಿಂತ ಅದರ ಕಟ್ಟುಕಟ್ಟಳೆಯೇ ಹೆಚ್ಚು. ಬಿಸಿಲು ಮರದ ತಲೆಗೆ ಬೀಳುವ ಮೊದಲು, ಮಿಂದ ಒದ್ದೆಬಟ್ಟೆಯಲ್ಲೇ ಕೀಳಬೇಕು. ಕಿತ್ತಲ್ಲಿಂದ ರೋಗಿಯ ಬಾಯಿಗೆ ಮುಟ್ಟುವ ತನಕ ಕಿತ್ತವರು ಮಾತನಾಡಬಾರದು. ಮೊದಲ ಮದ್ದು ಹೊಟ್ಟೆಗೆ ಇಳಿಯುವವರೆಗೆ ರೋಗಿ ಬೇರೇನೂ ನುಂಗಬಾರದು. ಕೊಡುವವರ ಕೈಗುಣ ಅವರ ಸ್ವಂತ ಮೈಗೆ ತಾಗುವುದಿಲ್ಲ.

ನಾನು ಸುಮ್ಮನಿರುವವನಲ್ಲ. "ಅಬ್ಬೆ, ಈ ಗಿಡದಲ್ಲಿ ಕಾಮಾಲೆಗೆ ತಾಗುವ ಸತ್ವ ಒಂದೋ ಎರಡೋ ಇರಬೇಕು. ಉಳಿದದ್ದೆಲ್ಲ ಕಸ. ಸ್ಪಿರಿಟ್ಟಿನಲ್ಲಿ ನೆನೆಸಿದರೆ ಆ ಸತ್ವವನ್ನು ಮಾತ್ರ ಬೇರೆ ಮಾಡಬಹುದು" ಎಂದು ಉಪನ್ಯಾಸ ಕೊಟ್ಟೆ.

"ಬೇರೆ ಮಾಡಿ?"

"ಬಾಟಲಿಗೆ ತುಂಬಿಡಬಹುದು."

"ಅಂಗಳದಂಗೆ ಬೆಳೀತಿತ್ತಲೆ, ಬಾಟ್ಲಿ ಎಂತಕ್ಕೆ ಮಾರಾಯ?" ಎಂದು ಅಬ್ಬೆ ಒನಕೆ ಎತ್ತಿಕೊಂಡಳು.

ಆ ವರ್ಷ ಮಳೆ ಹಿಂದೆಗೆಯುವ ಹೊತ್ತಿಗೆ ಘಟ್ಟದ ಬುಡದ ಚಳಿಜ್ವರ ನಮ್ಮ ಬೈಲಿಗೆ ಇಳಿಯಿತು. ಬಂದದ್ದು ಅಬ್ಬೆಗೆ. ಹಲ್ಲು ಕಟಕಟ ಎನ್ನುವ ಚಳಿ, ಮೇಲಿಂದ ಸುಡುವ ಜ್ವರ, ಬಾಯಿಗೆ ಬಂದ ಹಾಗೆ ಮಾತು. ನಾನು ಕುಂದಾಪುರಕ್ಕೆ ಹೋಗಿ ಡಾಕ್ಟರರನ್ನು ದೋಣಿಯಲ್ಲಿ ಕರೆತಂದೆ. ದೊಡ್ಡ ಮೀಸೆಯ, ಮೂಗಿನ ತುದಿಯ ಸಿಟ್ಟಿನ ಮನುಷ್ಯ. ಎಲ್ಲಿಂದಲೋ ಉಳಿಸಿಕೊಂಡಿದ್ದ ಸ್ವಲ್ಪ ಕ್ವಿನೈನನ್ನು ಕೊಟ್ಟರು. ನಾಲ್ಕು ದಿನದಲ್ಲಿ ಜ್ವರ ಜಗ್ಗಿತು. ಆದರೆ ಜ್ವರ ಇಳಿದ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರೆ ಅಬ್ಬೆಯ ಎರಡೂ ಕಣ್ಣು ಹಳದಿ.

ಮತ್ತೊಮ್ಮೆ ಕರೆತಂದಾಗ ಡಾಕ್ಟರರು ಪಕ್ಕೆಲುಬಿನ ಕೆಳಗೆ ಒತ್ತಿ ನೋಡಿ ನನ್ನನ್ನು ಹೊರಗೆ ಕರೆದರು. "ಜ್ವರ ಲಿವರಿಗೆ ಹೊಡೆದಿದೆ. ಜ್ವರಕ್ಕೆ ನನ್ನ ಹತ್ತಿರ ಮದ್ದಿದೆ, ಲಿವರಿಗೆ ಇಲ್ಲ. ಇನ್ನು ಅವರ ದೇಹವೇ ರಿಪೇರಿ ಮಾಡಿಕೊಳ್ಳಬೇಕು. ಗಂಜಿತಿಳಿ, ಬೆಲ್ಲದ ನೀರು, ಎಳನೀರು, ಏನಾದರೂ ಕುಡಿಸುತ್ತಲೇ ಇರು. ಕುಡಿಯದಿದ್ದರೆ ಉಳಿಯುವುದಿಲ್ಲ. ತಿಳಿಯಿತಾ?"

ತಿಳಿಯಿತು. ಒಳಗೆ ಹೋಗಿ ಗಂಜಿತಿಳಿಯ ಬಟ್ಟಲು ಹಿಡಿದೆ. ಅಬ್ಬೆ ಬಾಯಿ ಮುಚ್ಚಿದಳು.

"ಮದ್ದ್ ಆಗ್ದೆ ಎಂತದೂ ಆಪ್ದಿಲ್ಲ," ಎಂದಳು. "ಊರಿಗೆಲ್ಲ ಹೇಳ್ದವ್ಳ್ ನಾನ್. ನಾನೇ ತಪ್ಪುಕಾತ್ತಾ?"

"ಹಾಗಾದರೆ ಮದ್ದು ಕೊಡುವವರು ಯಾರು?"

"ನನ್ ಕೈ ನಂಗ್ ತಾಗುದಿಲ್ಲ."

ಕಾಮಾಲೆಗೆ ಕೊಡುವ ಇನ್ನೊಬ್ಬಳು ಹಾಲಾಡಿಯ ಪೇಟೆಯಲ್ಲಿ ಇದ್ದಳು. ಅವಳ ಹೆಸರೆತ್ತಿದರೆ ಅಬ್ಬೆ ಜ್ವರವಿಲ್ಲದೆಯೂ ಬಿಸಿಯಾಗುತ್ತಿದ್ದಳು. ನಾನು ಧೈರ್ಯ ಮಾಡಿ ಎತ್ತಿದೆ.

"ಅವ್ಳ್ ಕೈಯಂಗೆ ಕುಡ್ದ್ ಬದ್ಕುದ್ಕಿಂತ..." ಎಂದು ಶುರುಮಾಡಿ, ಉಳಿದ ಮಾತಿಗೆ ಉಸಿರು ಸಾಲದೆ ಗೋಡೆಯ ಕಡೆ ತಿರುಗಿದಳು. ಆಮೇಲೆ ಗೋಡೆಗೇ ಹೇಳಿದಳು, "ನಿಂಗ್ ಕೈಗುಣ ದಾಟ್ಸ್ತೆ. ನೀನ್ ಕೊಡ್."

ಅಬ್ಬೆಯ ಪ್ರಾಣ ಆ ಬಟ್ಟಲಿನ ಮೇಲೆ ನಿಂತಿತ್ತು. ಬೇರೆ ಯಾವ ಮಗನಾದರೂ ಕೂಡಲೇ ಮೀಯಲು ಹೊರಡುತ್ತಿದ್ದ. ನಾನು ಬಿ.ಎಸ್ಸಿ. "ಕೊಡುತ್ತೇನೆ, ಆದರೆ ಸರಿಯಾದ ಕ್ರಮದಲ್ಲಿ" ಎಂದೆ.

ಸರಿಯಾದ ಕ್ರಮಕ್ಕೆ ಸ್ಪಿರಿಟ್ ಬೇಕು. ವಂಡ್ಸೆಯಲ್ಲಿ ಸ್ಪಿರಿಟ್ ಎಲ್ಲಿ? ಸರಾಯಿ ಇತ್ತು. ಹಾಡುಹಗಲು ಗಡಂಗಿಗೆ ಹೋಗಿ ಒಂದು ಬಾಟಲಿ ತೆಗೆದುಕೊಂಡು, ಪಂಚೆಯ ಮಡಿಲಿನಲ್ಲಿ ಮುಚ್ಚಿಕೊಂಡು ಬಂದೆ. ಆಚೆಮನೆಯ ಅಕ್ಕ ಬೇಲಿ ದಾಟುವ ತಡಮೆಯ ಹತ್ತಿರವೇ ನಿಂತಿದ್ದಳು. ಅವಳ ಕಣ್ಣು ತಪ್ಪಿಸಿ ನಮ್ಮ ಬೈಲಿನಲ್ಲಿ ಕಪ್ಪೆ ಕೂಡ ಗದ್ದೆ ದಾಟುವುದಿಲ್ಲ.

"ಅಬ್ಬಿ ಮಲ್ಕಂಡಿತ್ತ್, ಮಗ ಬಾಟ್ಲಿ ತಂದ. ಇದ್ ಕಲಿಯುಕೆ ಮದ್ರಾಸಿಗ್ ಹೋದ್ದಾ?"

"ಇದು ಮದ್ದಿಗೆ, ಅಕ್ಕ."

"ಕುಡ್ಯುವವ್ರ್ ಎಲ್ಲ ಹಾಂಗೇ ಹೇಳ್ತ್ರ್."

ಅಡಿಗೆಮನೆಯ ಬಾಗಿಲು ಹಾಕಿಕೊಂಡು, ಗಿಡವನ್ನು ಕೊಚ್ಚಿ, ಸರಾಯಿಯಲ್ಲಿ ಮುಳುಗಿಸಿ, ಅಕ್ಕಿ ಬೇಯಿಸುವ ಚರಿಗೆಯ ಬಿಸಿನೀರಿನ ಮೇಲೆ ಇಟ್ಟೆ. ಕಾಲೇಜಿನಲ್ಲಿ ಗಾಜಿನ ಪಾತ್ರೆಯಲ್ಲಿ ಎಷ್ಟು ಚಂದವಾಗಿ ಹಸಿರು ಇಳಿಯುತ್ತಿತ್ತು! ಇಲ್ಲಿ ಇಳಿದದ್ದು ದೋಣಿಗೆ ಬಳಿಯುವ ಡಾಮರಿನಂಥ ಒಂದು ಪದಾರ್ಥ. ಸೋಸಿದೆ. ಮನೆಯೆಲ್ಲ ಗಡಂಗಿನ ವಾಸನೆ. ಅಬ್ಬೆ ಒಳಗಿಂದ ಕ್ಷೀಣವಾಗಿ, "ಯಾರ್ ಬಂದದ್ದ್?" ಎಂದು ಕೇಳಿದಳು. ಕುಡುಕ ನೆಂಟರು ಯಾರೋ ಬಂದಿರಬೇಕೆಂದು ಅವಳ ಎಣಿಕೆ.

ಮರುದಿನ ಬೆಳಿಗ್ಗೆ ಅಬ್ಬೆಯನ್ನು ಅಕ್ಕನ ವಶಕ್ಕೆ ಬಿಟ್ಟು, ಬಾಟಲಿ ಹಿಡಿದು ಮೊದಲ ದೋಣಿಯಲ್ಲಿ ಕುಂದಾಪುರಕ್ಕೆ ಇಳಿದೆ. ಎಷ್ಟು ಹನಿ ಕೊಡಬೇಕೆಂದು ಡಾಕ್ಟರರನ್ನು ಕೇಳಬೇಕಿತ್ತು. ಒಳಗಿನ ಆಸೆ ಬೇರೆ: ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು, "ಭಲೇ! ಇದನ್ನು ಇಲ್ಲಿಯವರೆಗೆ ಯಾರೂ ಮಾಡಿರಲಿಲ್ಲ" ಎನ್ನಬೇಕು.

ಡಾಕ್ಟರರು ಬೆಳಕಿಗೆ ಹಿಡಿಯಲಿಲ್ಲ. ಬಿರಡೆ ತೆಗೆದು ಮೂಗಿಗೆ ಹಿಡಿದರು. ಮೀಸೆ ಒಂದು ಸಲ ಕುಣಿಯಿತು.

"ಇದರಲ್ಲಿ ಏನು ಹಾಕಿದ್ದೀ?"

"ನೆಲನೆಲ್ಲಿ, ಸರ್. ಸರಾಯಿಯಲ್ಲಿ ಸತ್ವ ಇಳಿಸಿದ್ದೇನೆ."

"ಯಾರಿಗೆ ಕೊಡಲು?"

"ಅಬ್ಬೆಗೆ."

"ಅವರಿಗೆ ಕೆಟ್ಟದ್ದು ಏನು?"

"ಲಿವರ್, ಸರ್."

ಅವರು ಬಿರಡೆ ಒತ್ತಿ ಬಾಟಲಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಬೆಂಚಿನಲ್ಲಿ ಕಾಯುತ್ತಿದ್ದ ರೋಗಿಗಳು ನನ್ನ ಕಡೆ ತಿರುಗಿದರು. ಕೆಮ್ಮುತ್ತಿದ್ದ ಒಬ್ಬ ಮುದುಕ ಕೆಮ್ಮುವುದನ್ನು ನಿಲ್ಲಿಸಿದ. ಲಿವರ್ ಕೆಟ್ಟವರಿಗೆ ಸರಾಯಿ ಕುಡಿಸಬಾರದು ಎಂಬುದನ್ನು ತಿಳಿಯಲು ಮದರಾಸಿನ ತನಕ ಹೋಗಬೇಕಾಗಿಲ್ಲ. ನಾನು ಹೋಗಿ ಬಂದಿದ್ದೆ, ಆದರೂ ಆ ಕ್ಷಣದವರೆಗೆ ಅದು ಹೊಳೆದಿರಲಿಲ್ಲ. ಸತ್ವದ ಮೇಲೆ ಇದ್ದ ನನ್ನ ಕಣ್ಣು ಸರಾಯಿಯನ್ನು ಬರೀ ಪಾತ್ರೆಯೆಂದು ತಿಳಿದಿತ್ತು.

"ಕಾಯಿಸಿ ಸರಾಯಿ ಆರಿಸಿ ಕೊಡಬಹುದಲ್ಲ, ಸರ್..." ಎಂದು ತೊದಲಿದೆ.

"ಆರಿಸಿ ಉಳಿಯುವ ಆ ಟಾರನ್ನು ನೀನು ಮೊದಲು ನೆಕ್ಕಿ ತೋರಿಸು!" ಎಂದು ಗುಡುಗಿದರು. ಮತ್ತೆ ಸ್ವರ ತಗ್ಗಿಸಿ ಕೇಳಿದರು, "ನಿನ್ನ ತಾಯಿ ನಿನ್ನೆಯಿಂದ ಏನು ಕುಡಿದರು?"

"ಏನೂ ಇಲ್ಲ. ತುಟಿಗೆ ನೀರು ಸವರಲು ಬಿಡುತ್ತಾಳೆ, ನುಂಗುವುದಿಲ್ಲ. ಮದ್ದು ಆಗದೆ ನುಂಗಬಾರದಂತೆ."

ಡಾಕ್ಟರರು ಎದ್ದೇ ನಿಂತರು. "ಮದ್ದನ್ನು ಮಜ್ಜಿಗೆಯಲ್ಲಿ ಕೊಡುವುದಲ್ಲವಾ? ಆ ಗಿಡ ಏನು ಮಾಡುತ್ತದೋ ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳುವವನೂ ನಾನಲ್ಲ. ಮಜ್ಜಿಗೆ ಏನು ಮಾಡುತ್ತದೆ ಎಂಬುದು ಗೊತ್ತು. ಅವರು ಹೇಳಿದ ಹಾಗೆ ಮಾಡು. ನೀರಿನಲ್ಲಿ ಮುಳುಗು, ಮರ ಹತ್ತು, ಏನು ಹೇಳುತ್ತಾರೋ ಅದನ್ನೇ ಮಾಡು. ನಾಳೆ ಬೆಳಿಗ್ಗೆ ಆ ಮಜ್ಜಿಗೆ ಅವರ ಹೊಟ್ಟೆಯಲ್ಲಿ ಇರಬೇಕು. ಇಲ್ಲದಿದ್ದರೆ ನನ್ನನ್ನು ಕರೆಯಲು ಬರಬೇಡ."

ಬಾಟಲಿಯನ್ನು ಅವರೇ ಇಟ್ಟುಕೊಂಡರು. ಗಾಯ ತೊಳೆಯಲು ಆದೀತು ಎಂದರು.

ಸಂಜೆ ಮನೆ ಮುಟ್ಟಿದಾಗ ಅಬ್ಬೆಯ ನಾಲಿಗೆ ಒಣಗಿ ಮಾತು ಅಂಟುತ್ತಿತ್ತು. ನಾನು ಅವಳ ಹತ್ತಿರ ಕುಳಿತು, "ಕೈಗುಣ ದಾಟಿಸು" ಎಂದೆ. ಅಕ್ಕ ತಂಬಿಗೆಯಲ್ಲಿ ನೀರು ತಂದಳು. ಅಬ್ಬೆ ನನ್ನ ಅಂಗೈಗೆ ನೀರು ಬಿಟ್ಟಳು.

"ಕಿತ್ತಲ್ಲಿಂದ ನನ್ ಬಾಯಿಗ್ ಬಪ್ಪಲ್ಲಿವರಿಗೆ ಮಾತಾಡುಕಾಗ. ಕೇಂತಾ?"

"ಕೇಳಿತು."

"ನಿಂಗೆ ಕಷ್ಟವೇ," ಎಂದಳು. ಹೆತ್ತವಳಿಗೆ ಮಗ ಗೊತ್ತಿರುತ್ತಾನೆ.

ಬೆಳಿಗ್ಗೆ ತೋಡಿನಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ನಡುಗುತ್ತ, ಗದ್ದೆಯ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು ನೆಲನೆಲ್ಲಿ ಕಿತ್ತೆ. ಮುಷ್ಟಿಯಲ್ಲಿ ಹಿಡಿದು ಎದ್ದು ತಿರುಗಿದರೆ, ಎದುರಿನ ಅಂಚಿನ ಮೇಲೆ ಕೋಟು ಹಾಕಿದ, ಕೊಡೆ ಹಿಡಿದ ಹಿರಿಯರೊಬ್ಬರು ಕೆಸರು ತಪ್ಪಿಸುತ್ತ ಬರುತ್ತಿದ್ದಾರೆ.

"ಹ್ವಾಯ್! ಬಿ.ಎಸ್ಸಿ. ಆದವ್ರ್ ಮನಿ ಎಲ್ಲಿ?"

ಇಡೀ ಜನ್ಮದಲ್ಲಿ ನನ್ನನ್ನು ಹುಡುಕಿಕೊಂಡು ಬಂದವರು ಇಷ್ಟು ಚಂದದ ಪ್ರಶ್ನೆ ಕೇಳಿದ್ದು ಅದೊಂದೇ ಸಲ. ನಾನು ಬಾಯಿ ಬಿಗಿದುಕೊಂಡು ನಿಂತೆ. ಅವರು ಹತ್ತಿರ ಬಂದು ನನ್ನ ಮುಖ ನೋಡಿದರು.

"ನೀವೇ ಅಲ್ದಾ? ಕುಂದಾಪ್ರದಂಗೆ ನಿಮ್ಮನ್ನ್ ಒಂದ್ ಸರ್ತಿ ಕಂಡಿದ್ದೆ. ನಾನ್ ಬೈಂದೂರ್ ಶಾಲಿ ಕಮಿಟಿಯವ. ಕುಂದಾಪ್ರದಿಂದ ಕೊಲ್ಲೂರಿಗ್ ಹೋಪ್ದಿತ್ತ್, ಹಾಂಗೇ ನಿಮ್ಮನ್ನ್ ಕಂಡ್ ಹೋಪ ಅಂದೇಳಿ ಬಂದೆ. ಸೋಮವಾರದಿಂದ ಬಪ್ಪುಕಾತ್ತಾ?"

ಗಂಟಲ ತನಕ ಬಂದ "ಆಗುತ್ತದೆ ಸರ್" ಎಂಬುದನ್ನು ನುಂಗಿದೆ. ಮಾತನಾಡಿ, ಅಬ್ಬೆಯ ಹತ್ತಿರ ಮಾತನಾಡಲಿಲ್ಲ ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮದ್ದಿಗೆ ಗಿಡ ತಂದುಕೊಟ್ಟ ಪ್ರತಿಯೊಬ್ಬರನ್ನೂ ಅಬ್ಬೆ ಕಣ್ಣಿಗೆ ಕಣ್ಣಿಟ್ಟು "ಬಾಯಿ ಬಿಟ್ಯಾ?" ಎಂದು ಕೇಳುತ್ತಿದ್ದಳು. ಆ ಕಣ್ಣಿನ ಮುಂದೆ ನನ್ನ ಸುಳ್ಳು ಚಿಕ್ಕಂದಿನಿಂದಲೂ ನಿಂತದ್ದಿಲ್ಲ. ಹಿಡಿದುಬಿದ್ದರೆ ಮಜ್ಜಿಗೆ ಇನ್ನೊಂದು ಬೆಳಗಿಗೆ ಹೋಗುತ್ತದೆ. ಇನ್ನೊಂದು ಬೆಳಗು ಅಬ್ಬೆಯ ಹತ್ತಿರ ಇರಲಿಲ್ಲ.

"ಎಂತ ಮಾರಾಯ್ರೆ, ಕೆಮಿ ಕೇಂತಿಲ್ಯಾ?" ಎಂದು ಅವರು ನನ್ನ ಕಿವಿಯ ಹತ್ತಿರ ಕೂಗಿದರು.

ನಾನು ಗರುಡಗಂಬದ ಹಾಗೆ ನಿಂತಿದ್ದೆ. ಒದ್ದೆ ಪಂಚೆಯಿಂದ ಅವರ ಚಪ್ಪಲಿಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ಮನೆಯ ತಡಮೆಯಿಂದ ಇದನ್ನೆಲ್ಲ ನೋಡಿದ ಆಚೆಮನೆಯ ಅಕ್ಕ, ನಾನು ಎಲ್ಲಿ ಬಾಯಿ ಬಿಟ್ಟೇನೋ ಎಂಬ ಹೆದರಿಕೆಯಲ್ಲಿ, ಎರಡೂ ಕೈ ಎತ್ತಿ ಬೊಬ್ಬೆ ಹೊಡೆದಳು.

"ಮಾತಾಡ್ಬೇಡಾ! ಅವ್ರ್ ಹತ್ರ ಮಾತಾಡ್ಬೇಡ್ವೋ!"

ಹಿರಿಯರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಮುಷ್ಟಿಯಲ್ಲಿದ್ದ ಕಳೆಯನ್ನು ನೋಡಿದರು. "ನಾನ್ ಎಂತ ನಿಮ್ಮನಿ ಜಪ್ತಿ ಮಾಡುಕೆ ಬಂದದ್ದಾ? ಪದವಿ ಆದ್ರೆ ಸಾಕಾ, ಮರ್ಯಾದಿ ಬ್ಯಾಡ್ದಾ?" ಎಂದು ಕೊಡೆಯನ್ನು ಫಟ್ಟೆಂದು ಮುಚ್ಚಿ, ಬಂದ ಅಂಚಿನಲ್ಲೇ ಹಿಂತಿರುಗಿದರು. ಕೆಸರು ತಪ್ಪಿಸುವುದನ್ನೂ ಮರೆತು ಹೋದರು. ನನ್ನ ಕೆಲಸ ಗದ್ದೆ ದಾಟಿ ಹೋಗುವುದನ್ನು ನೋಡಿ, ನಾನು ಮನೆಯ ಕಡೆ ಓಡಿದೆ.

ಅರೆಯುವ ಕಲ್ಲಿನ ಮುಂದೆ ಕುಳಿತ ಮೇಲೆ ಮಾತ್ರ ನನಗೆ ಸ್ವಲ್ಪ ಜೀವ ಬಂತು. ಅಲ್ಲಿ ನನ್ನನ್ನು ಮೀರಿಸುವವರು ವಂಡ್ಸೆಯಲ್ಲಿ ಇರಲಿಲ್ಲ. ಬೇರಿನ ನಾರೂ ಕೈಗೆ ಸಿಗದ ಹಾಗೆ, ಬೆಣ್ಣೆಯ ಹಾಗೆ ಅರೆದೆ. ಮದರಾಸಿನ ಖರ್ಚು ಅಲ್ಲಿ ವಸೂಲಾಯಿತು. ಮಜ್ಜಿಗೆಯಲ್ಲಿ ಕದಡಿ, ಬಟ್ಟಲು ಹಿಡಿದು ಅಬ್ಬೆಯ ತಲೆ ಎತ್ತಿದೆ. ಅವಳು ಕುಡಿಯಲಿಲ್ಲ. ಹಳದಿ ಕಣ್ಣನ್ನು ನನ್ನ ಮೇಲೆ ನಿಲ್ಲಿಸಿ, "ಬಾಯಿ ಬಿಟ್ಯಾ?" ಎಂದಳು.

ಬಟ್ಟಲು ಇನ್ನೂ ತುಟಿಗೆ ಮುಟ್ಟಿರಲಿಲ್ಲ, ನಾನು ಉತ್ತರ ಹೇಳುವ ಹಾಗೂ ಇರಲಿಲ್ಲ. ಬಾಗಿಲಿನಲ್ಲಿ ಏದುತ್ತ ನಿಂತಿದ್ದ ಅಕ್ಕ ನನ್ನ ಪರ ಸಾಕ್ಷಿ ಹೇಳಿದಳು. "ಇಲ್ಲ, ದೇವ್ರಾಣೆ ಇಲ್ಲ. ಬೈಂದೂರಿನವ್ರ್ ಕೆಲ್ಸ ಕೊಡುಕೆ ಬಂದಿರ್, ಕೆಮಿ ಹತ್ರ ಕೂಗಿರ್. ನಿನ್ ಮಗ ಕಲ್ಲಿನ್ ಹಾಂಗೆ ನಿಂತ. ಅವ್ರ್ ಬೈದ್ ಹೋದ್ರ್."

ಅಬ್ಬೆ ಕುಡಿದಳು. ಮೊದಲ ಗುಟುಕು ಗಂಟಲಿನಲ್ಲಿ ಸಿಕ್ಕಿತು, ಎರಡನೆಯದು ಇಳಿಯಿತು. ಮತ್ತೆ ನಿಲ್ಲಿಸದೆ ಬಟ್ಟಲು ಬರಿದು ಮಾಡಿದಳು. ನಾನು ಅಡಿಗೆಮನೆಗೆ ಓಡಿ ಗಂಜಿತಿಳಿ ತಂದೆ, ಅದನ್ನೂ ಕುಡಿದಳು. ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. ನಾನು ಅಳುವ ತಯಾರಿಯಲ್ಲಿದ್ದೆ.

"ಹೌದಾ," ಎಂದಳು ಅಬ್ಬೆ ಕಣ್ಣು ತೆರೆಯದೆ, "ತಲಿ ಆಡ್ಸುಕೆ ಎಂತ ರೋಗ ನಿಂಗೆ?"

ನನಗೆ ಅರ್ಥವಾಗಲಿಲ್ಲ.

"ಮಾತಾಡುಕಾಗ ಅಂದದ್ದ್ ನಾನ್. ತಲಿ ಆಡ್ಸುಕಾಗ ಅಂದ್ನಾ? ಕೈ ಮುಗುಕಾಗ ಅಂದ್ನಾ? ಬಾಯಿ ಮೇಲ್ ಕೈ ಇಟ್ಟ್, ಮನಿ ಬದಿಗ್ ತೋರ್ಸಿರೆ ಅವ್ರ್ ಬಂದ್ ಜಗ್ಲಿಯಂಗೆ ಕೂಕಂತಿದ್ರ್. ಊರಿನ್ ಜನ ಎಲ್ಲ ಹಾಂಗೇ ಮಾಡುದ್. ಎಷ್ಟ್ ಓದ್ಸಿರೂ ಅಷ್ಟೇ!"

ಪರೀಕ್ಷೆಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಬರೆಯುವ ಅಭ್ಯಾಸ ನನ್ನದು. ಅವಳು ಬಾಯಿ ಮುಚ್ಚು ಎಂದದ್ದಕ್ಕೆ ನಾನು ಇಡೀ ದೇಹವನ್ನೇ ಮುಚ್ಚಿದ್ದೆ. ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತ ಹೊರಗೆ ಹೋದಳು. ಸಂಜೆಯೊಳಗೆ ಬೈಲಿಡೀ ನಕ್ಕಿತು. ಕೊಲ್ಲೂರಿನ ದಾರಿಯಲ್ಲೇ ಆ ಹಿರಿಯರನ್ನು ಹಿಡಿದು ಕ್ಷಮೆ ಕೇಳೋಣವೆಂದರೆ ಅಬ್ಬೆಯನ್ನು ಬಿಟ್ಟು ಏಳುವಂತಿರಲಿಲ್ಲ. ವಾರದ ಮೇಲೆ ಬೈಂದೂರಿಗೆ ಹೋದರೆ ಅಲ್ಲಿ ಬೇರೆಯವರು ಪಾಠ ಮಾಡುತ್ತಿದ್ದರು. ಮಾಸ್ತರಿಕೆ ನನಗೆ ದಕ್ಕಿದ್ದು ಮತ್ತೆ ಬ್ರಹ್ಮಾವರದಲ್ಲಿ. ಅಲ್ಲಿ ಕೇಳಿದ ಪ್ರತಿಯೊಂದು ಪ್ರಶ್ನೆಗೂ ಬಾಯಿ, ತಲೆ, ಕೈ ಮೂರರಿಂದಲೂ ಉತ್ತರ ಕೊಟ್ಟೆ.

ಅಬ್ಬೆ ಉಳಿದಳು. ನೆಲನೆಲ್ಲಿಯಿಂದಲೋ, ಕ್ವಿನೈನಿನಿಂದಲೋ, ಮಜ್ಜಿಗೆ ಗಂಜಿಯಿಂದಲೋ, ಹಾಲಾಡಿಯವಳ ಮುಂದೆ ಸೋಲಬಾರದೆಂಬ ಹಠದಿಂದಲೋ, ನನಗೆ ಗೊತ್ತಿಲ್ಲ. ಜನ ಕೇಳಿದಾಗಲೆಲ್ಲ ಇದನ್ನೇ ಹೇಳುತ್ತೇನೆ, ಕಣ್ಣು ಹಳದಿಯಾದವರನ್ನು ಮೊದಲು ಡಾಕ್ಟರರ ಹತ್ತಿರ ಕಳಿಸುತ್ತೇನೆ. ಆ ಗಿಡದ ಸತ್ವಗಳನ್ನು ಬೇರೆ ಬೇರೆ ಮಾಡಿ, ಲಿವರಿಗೆ ಯಾವುದು ಕಾವಲು ನಿಲ್ಲುತ್ತದೆ ಎಂದು ನೋಡುವವರು ಈಗ ಇದ್ದಾರಂತೆ. ಅವರ ಹತ್ತಿರ ಗಾಜಿನ ಪಾತ್ರೆಗಳಾದರೂ ಸರಿಯಾಗಿ ಇವೆ.

ಅವಳು ಎದ್ದು ಕೂರುವ ಹಾಗಾದ ಮೇಲೆ ಒಂದು ಮಧ್ಯಾಹ್ನ ಗಂಜಿ ಕೊಟ್ಟೆ. ಅಬ್ಬೆ ಬಾಗಿಲ ಕಡೆ ನೋಡಿ, ಅಕ್ಕ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕೇಳಿದಳು.

"ಒಂದ್ ಚೂರ್ ಒಣಮೀನ್ ಸುಟ್ಟ್ ಹಾಕ್, ಮಗಾ."

"ಕಣ್ಣು ಇನ್ನೂ ಹಳದಿ ಇದೆ, ಅಬ್ಬೆ."

"ಹಾಂಗಾರ್ ಒಂದ್ ಕಲ್ ಉಪ್ಪ್."

"ಆಗುವುದಿಲ್ಲ."

"ಪಥ್ಯ ಮಾಡ್ದವ್ಳ್ ನಾನ್. ನಾನೇ ಬಿಡ್ತೆ. ಮದ್ದ್ ಕೊಡುವವ್ರ್ ಹೇಳ್ದಾಂಗೆ ಕೇಳ್ಕ್ ಅಂಬುದ್ ಗೊತ್ತಿಲ್ಯಾ ನಿಂಗೆ?"

"ಗೊತ್ತಿದೆ," ಎಂದೆ. "ಈಗ ಕೊಡುವವನು ನಾನು."

ಅಬ್ಬೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹಾಲಾಡಿಯವಳಿಗೆ ಇಟ್ಟಿದ್ದ ಒಂದು ಬೈಗುಳವನ್ನು ನನಗೆ ಕೊಟ್ಟು, ಸಪ್ಪೆ ಗಂಜಿಯನ್ನು ಕೈಗೆತ್ತಿಕೊಂಡಳು.